ನೂರಹದಿನೇಳು

ನೂರಿಪ್ಪತ್ತು ಬೇಕು. ನನ್ನ ಬಳಿ ನೂರಹದಿನೇಳಿವೆ.
ರೋಲಾದ ಸೂಪರ್‌ಮಾರ್ಕೆಟ್ಟಿನ ನಾಲ್ಕನೇ ಕೌಂಟರಿನಿಂದೆದ್ದು
ಏಳು ವರ್ಷ ಸಂಜೆ ಕ್ಲಾಸಿನಲ್ಲಿ ಒಂದೊಂದಾಗಿ ಕೂಡಿಸಿದ್ದು.
ಗಂಡ ಹೇಳುತ್ತಾರೆ: ಚೀಟಿ ಹಾಕಿದ್ದರೆ
ಇಷ್ಟು ಹೊತ್ತಿಗೆ ಎರಡು ಸಲ ಎತ್ತಬಹುದಿತ್ತು.

ಧ್ವನಿವಿಜ್ಞಾನ ಪಾಸು. ಕನ್ನಡಿ ಹಿಡಿದು, ನಾಲಿಗೆ ಮಡಚಿ
ಳಕಾರ ಹುಟ್ಟುವ ಜಾಗ ನೋಡಿದೆ.
ನಮ್ಮ ಮನೆಮಾತಿನಲ್ಲಿಲ್ಲದ ಅಕ್ಷರ ಅದು,
ಮೂರನೇ ಕ್ಲಾಸಿನಲ್ಲಿ ಅದಕ್ಕಾಗಿ ಬೆರಳ ಗಂಟಿಗೆ ಪೆಟ್ಟು ತಿಂದಿದ್ದೆ.
ಯಾರಾದರೂ ಆಗಲೇ ಕನ್ನಡಿ ಕೊಡಬಹುದಿತ್ತು.
ವಾಕ್ಯರಚನೆ ಎರಡನೇ ಸಲಕ್ಕೆ ಪಾಸು.
ಸಂಖ್ಯಾಶಾಸ್ತ್ರ, ಅದರ ಮಾತು ಬೇಡ.

ಅನ್ಯಭಾಷೆ, ಎರಡು ಸೆಮಿಸ್ಟರ್, ಕಡ್ಡಾಯ.
ಮನೆಯಲ್ಲಿ ಬ್ಯಾರಿ, ಅಂಗಳದಲ್ಲಿ ತುಳು, ಶಾಲೆಯಲ್ಲಿ ಕನ್ನಡ,
ಪಕ್ಕದ ಕೌಂಟರಿನ ಶೈನಿಯ ಮಲಯಾಳ, ಮ್ಯಾನೇಜರನ ಹಿಂದಿ,
ಚಿಲ್ಲರೆ ಎಣಿಸುವಷ್ಟು ಅರಬಿ, ಅಂದೆ.
ಕಚೇರಿಯ ಹುಡುಗಿ ಕೇಳಿದಳು: ಸರ್ಟಿಫಿಕೇಟ್?
ಮಾಫಿ, ಅಂದೆ.
ಊರಲ್ಲಿ ಮಾಫಿ ಅಂದರೆ ಸಾಲ ಬಿಟ್ಟಂತೆ.
ಇಲ್ಲಿ ಮಾಫಿ ಅಂದರೆ ಇಲ್ಲ.
ಹಾಗಾಗಿ ಫ್ರೆಂಚ್ ಕಲಿತೆ. ಅದರಲ್ಲಿ ಈಗಲೂ
ನಾನು ಹತ್ತದ ರೈಲು ಎಷ್ಟು ಗಂಟೆಗೆಂದು ಕೇಳಬಲ್ಲೆ.

ಉಳಿದದ್ದು ಮೂರು: ಕ್ಷೇತ್ರಕಾರ್ಯ.
ನಿನಗೆ ಬಾರದ ಭಾಷೆಯ ಒಬ್ಬ ಮಾತುಗಾರ,
ಇನ್ನೂರು ಪದ, ಅರುವತ್ತು ವಾಕ್ಯ,
ಸಹಿ ಹಾಕಿದ ಒಪ್ಪಿಗೆ ಪತ್ರ.

ನಮ್ಮ ಕಟ್ಟಡದ ವಾಚ್‌ಮನ್ ನೇಪಾಳದ ಗುಡ್ಡದವನು.
ಹೆಸರು ಬರೆಯುವಂತಿಲ್ಲ, ಭಾಷೆಯ ಹೆಸರೂ. ಅದು ನಿಯಮ.
ಮಾತುಗಾರ ಒಂದು, ಅನ್ನಬೇಕು.
ಅವನಿಗೆ ತಿಳಿದ ಮಟ್ಟಿಗೆ, ಮಾತುಗಾರ ಎರಡು ಈ ಊರಲ್ಲಿಲ್ಲ.
ರಾತ್ರಿ ಹನ್ನೊಂದಕ್ಕೆ, ಲಿಫ್ಟಿನ ಪಕ್ಕ, ಪ್ಲಾಸ್ಟಿಕ್ ಕುರ್ಚಿಗಳಲ್ಲಿ,
ಏಸಿ ನೀರು ಬಕೆಟಿಗೆ ತೊಟ್ಟಿಕ್ಕುತ್ತಿರಲು,
ರಿಕಾರ್ಡರ್ ಹಾಕದೆ ಸುಮ್ಮನೆ ಶುರು ಮಾಡಿದೆವು:
ಹೇನು. ಬೂದಿ. ಮಂಡಿ. ಹೊಗೆ.
ಬಾ ಅನ್ನುವುದಕ್ಕೆ, ಅಂದೆ.
ಹತ್ತಿ ಬರುವುದೋ, ಇಳಿದೋ, ಸಮತಟ್ಟಿಗೆ ನಡೆದೋ?
ಮೂರಕ್ಕೂ ಬೇರೆ ಶಬ್ದ. ಶಾರ್ಜಾ ಇಡೀ ಸಪಾಟು, ದೀದಿ,
ಇಲ್ಲಿ ಎರಡು ಶಬ್ದ ಲಿಫ್ಟಿಗೆ ಮಾತ್ರ ಬೇಕು.
ಸಮುದ್ರ ಅಂದರೆ ಬಹರ್ ಅಂದ.
ಇಲ್ಲಿ ಬಂದ ಮೇಲೆ ಕಂಡದ್ದು, ಇಲ್ಲಿಯದೇ ಹೆಸರು.

ಪತ್ರ ತೆಗೆದೆ. ಅವನ ಕೈ ಬೆನ್ನ ಹಿಂದೆ ಹೋಯಿತು.
ಕಳೆದ ಸಲ ಸಹಿ ಹಾಕಿದ್ದು ಓದಲಾಗದ ಕಾಗದಕ್ಕೆ,
ಅವತ್ತು ಯಾವುದೋ ಡ್ರಾವರಿಗೆ ಹೋದ ಪಾಸ್‌ಪೋರ್ಟು ಇನ್ನೂ ಅಲ್ಲೇ.
ಮಾತು ಎಷ್ಟು ಬೇಕಾದರೂ ತಗೊಳ್ಳಿ. ಸಹಿ ಬೇಡ.

ಡಾಕ್ಟರ್ ಇಬ್ತಿಸಾಮ್ ನಿಯಮದ ಪುಸ್ತಕ ತಿರುವಿದರು.
ಸುಡಾನಿನವರು, ಯಾವ ಡ್ರಾವರು ಅಂತ ಕೇಳಲಿಲ್ಲ.
ಬಾಯಿಮಾತಿನ ಒಪ್ಪಿಗೆ ನಡೆಯುತ್ತದೆ, ಅಂದರು,
ಅವನದೇ ಭಾಷೆಯಲ್ಲಿ, ಸ್ಪಷ್ಟವಾಗಿ, 'ಹೌದು' ಎಂದು.

ಕೆಂಪು ದೀಪ ಉರಿಸಿ ಕೇಳಿದೆ:
ಹೌದು ಅನ್ನುವುದಕ್ಕೆ ನಿಮ್ಮಲ್ಲಿ ಏನು?
ಅಂಥದ್ದೊಂದಿಲ್ಲ, ಅಂದ.
ಬರ್ತೀಯ ಅಂದರೆ ಬರ್ತೀನಿ. ಉಂಡೆಯ ಅಂದರೆ ಉಂಡೆ.
ಬರೀ ಹೌದು ಅಂದುಬಿಟ್ಟರೆ
ಯಾವುದಕ್ಕೆ ಅಂತ ಗೊತ್ತಾಗಬೇಡವೆ?

ಅವನೇ ಕೊಟ್ಟ ನಾಲ್ಕು ಶಬ್ದ ಜೋಡಿಸಿ,
ಕ್ರಿಯಾಪದ ಕೊನೆಗಿಟ್ಟು (ಅದೊಂದು ನಮ್ಮ ಹಾಗೇ)
ಕೇಳಿದೆ: ನಿನ್ನ ಮಾತು ನನಗೆ ಕೊಡುತ್ತೀಯ?
ತಿದ್ದಿದ. ಮತ್ತೆ ಕೇಳಿದೆ. ಮತ್ತೆ ತಿದ್ದಿದ.
ಮೂರನೇ ಸಲ ಲಿಫ್ಟು ಇಳಿದು ಬಂತು, ಒಳಗೆ ಯಾರೂ ಇಲ್ಲ.
ಆಮೇಲೆ ಉತ್ತರ. ಒಂದೂವರೆ ಸೆಕೆಂಡು.
ಬಕೆಟು ತುಂಬಿತ್ತು, ಚೆಲ್ಲಲು ಎದ್ದು ಹೋದ.

ಸಮಿತಿಗೆ ಮೂರು ಸಾಲು ಬರೆಯುತ್ತೇನೆ, ಕಲಿಸಿದ ಹಾಗೆ.
ಮೊದಲ ಸಾಲು ಅವನ ಸದ್ದು.
ಅದರ ಕೆಳಗೆ ತುಂಡು ತುಂಡಾಗಿ:
ಕೊಡು, ಇನ್ನೂ ಆಗದ್ದು, ನಾನು.
ಮೂರನೆಯದರಲ್ಲಿ 'ಹೌದು' ಅಂತ ಬರೆದೆ,
ಹೊಡೆದು ಹಾಕಿದೆ.
ಸೋಮವಾರ ಸೇರುತ್ತಾರಂತೆ.