ಲೈನ್ ಕ್ಲಿಯರ್

ಮಗಳು ಪಿಯುಸಿಗೆ ಸೇರಿದ್ದೇ ಸೇರಿದ್ದು,
ಬಣ್ಣದ ಡಬ್ಬಿ ಅಟ್ಟ ಸೇರಿತು.
ಹನ್ನೆರಡು ಬಿಲ್ಲೆಗಳಲ್ಲಿ ಹಸಿರಿನ ಎರಡೂ ಖಾಲಿ,
ತಗಡಿನ ತಳ ಹೊಳೆಯುವಷ್ಟು.
ಕೊಡಗಿನ ಮಕ್ಕಳ ಡಬ್ಬಿಯಲ್ಲಿ
ಮೊದಲು ತೀರುವುದು ಅದೇ.

ನನ್ನದು ನಾಪೋಕ್ಲು ಸೆಕ್ಷನ್ನು. ಇಪ್ಪತ್ತಾರು ವರ್ಷ ಕಂಬ ಹತ್ತಿದ ಕಾಲು.
ಸಿಲ್ವರ್ ಮರ ತಂತಿಯ ಮೇಲೆ ಮಲಗಿದಲ್ಲಿ,
ಆನೆ ಬಂದು ಕಂಬಕ್ಕೆ ಬೆನ್ನು ತುರಿಸಿಕೊಂಡಲ್ಲಿ
ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಹೋದವನು.
ಆದರೆ ಜೋಯಪ್ಪನ ಕೈ ಸುಟ್ಟ ದಿನದಿಂದ
ನನ್ನ ಕೈ ನಡುಗುತ್ತದೆ.

ಲೈನ್ ಕ್ಲಿಯರ್ ತೆಗೆದುಕೊಂಡವನು ನಾನು.
ಹತ್ತು ಅಂದವನೂ ನಾನೇ.
ಯಾರದೋ ತೋಟದ ಜನರೇಟರು
ಹಿಂಬಾಗಿಲಿಂದ ಕರೆಂಟು ತಳ್ಳಿತ್ತು.
ಅವನಿಗೆ ಎರಡು ಬೆರಳು ಹೋಯಿತು,
ನಡುಕ ನನ್ನ ಪಾಲಿಗೆ ಬಂತು.
ಲೆಕ್ಕ ಎಲ್ಲೋ ತಪ್ಪಿದೆ.

ಮಡಿಕೇರಿಯ ಡಾಕ್ಟರು ಮಾತ್ರೆ ಬರೆದರು.
ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಕೇಳಿದರು,
'ಡ್ಯೂಟಿ ಇಲ್ಲದ ದಿನ ಏನು ಮಾಡುತ್ತೀರಿ?'
'ಫೋನು ಬರುತ್ತದಾ ಅಂತ ನೋಡುತ್ತೇನೆ' ಅಂದೆ.
ಅವರು ನಗಲಿಲ್ಲ.

ಒಂದು ಭಾನುವಾರ ಡಬ್ಬಿ ಇಳಿಸಿದೆ.
ಕ್ವಾರ್ಟರ್ಸಿನ ಅಂಗಳಕ್ಕೆ ಬೆಂಚು ಎಳೆದೆ.
ಎದುರಿಗೆ ತಡಿಯಂಡಮೋಳು, ಕೆಳಗೆ ಗದ್ದೆ,
ನಡುವೆ ತೋಟ, ತೋಟ, ತೋಟ.
ಹಸಿರಿಲ್ಲದೆ ಇದನ್ನು ಬರೆಯುವುದೆಂದರೆ
ಕಾಚಂಪುಳಿ ಇಲ್ಲದೆ ಪಂದಿಕರಿಗೆ ಕೂತ ಹಾಗೆ.

ಬಳಸುವಷ್ಟು ಉಳಿದದ್ದು ಕೆಂಪು, ಹಳದಿ, ನೀಲಿ.
ಆರ್, ವೈ, ಬಿ!
ನನ್ನ ಮೂರು ಫೇಸು.
ಇಷ್ಟು ವರ್ಷ ನಾನು ಮಾಡಿದ್ದೆಲ್ಲ
ಈ ಮೂರು ಒಂದನ್ನೊಂದು ಮುಟ್ಟದ ಹಾಗೆ ಕಾದದ್ದು.
ಕಾಗದದ ಮೇಲೂ ಅದೇ ಬುದ್ಧಿ:
ಬೆಟ್ಟಕ್ಕೆ ನೀಲಿ ಬಳಿದೆ, ಗದ್ದೆಗೆ ಹಳದಿ,
ನಡುವೆ ಎರಡು ಬೆರಳು ಬಿಳಿ ಬಿಟ್ಟೆ, ಸೇಫ್ಟಿಗೆ.

ಕೈ ನಡುಗಿತು. ನೀರು ಚೆಲ್ಲಿತು.
ಹಳದಿ ಹರಿದು ಹೋಗಿ ನೀಲಿಯನ್ನು ಮುಟ್ಟಿಬಿಟ್ಟಿತು.

ಎದೆ ಧಸಕ್ಕೆಂದಿತು. ಬೆಂಚಿನಿಂದ ಎದ್ದೇ ನಿಂತೆ.
ಕಿಡಿ ಹಾರಲಿಲ್ಲ.
ಫ್ಯೂಸು ಹೋಗಲಿಲ್ಲ.
ಕಕ್ಕಬ್ಬೆ ಫೀಡರಿನವರು ಯಾರೂ ಫೋನು ಮಾಡಿ ಬೈಯಲಿಲ್ಲ.
ಮುಟ್ಟಿದ ಜಾಗದಲ್ಲಿ, ಸದ್ದಿಲ್ಲದೆ,
ಹಸಿರು.

'ಅಪ್ಪಾ, ಅದು ಮೂರನೇ ಕ್ಲಾಸಿನ ಪಾಠ' ಅಂದಳು ಮಗಳು.
ಇರಬಹುದು. ನಾನು ಆ ಕ್ಲಾಸಿಗೆ ಈಗ ಬಂದವನು.
ಹಳದಿ ಹೆಚ್ಚಾದರೆ ಸಸಿಮಡಿ,
ನೀಲಿ ಹೆಚ್ಚಾದರೆ ದೇವರಕಾಡು,
ಒಂದು ಚಿಟಿಕೆ ಕೆಂಪು ಬಿದ್ದರೆ
ಬಿಸಿಲಿಗೆ ಬಾಡಿದ ಹಳೇ ಕಾಫಿ ಎಲೆ.
ಡಬ್ಬಿಯ ಹಸಿರು ಎರಡೇ ಇತ್ತು.

ನಡುಕ ನಿಂತಿತಾ ಅಂದರೆ, ಇಲ್ಲ.
ಕುಂಚದ ತುದಿಗೆ ಬಂದು
ಎಲೆ ಎಲೆಯಾಗಿ ಉದುರುತ್ತದೆ.
ಎಲೆ ಅಂದಮೇಲೆ ನಡುಗಲೇಬೇಕಲ್ಲ.

ಈಗ ಭಾನುವಾರ ಹತ್ತರಿಂದ ಒಂದರವರೆಗೆ
ನನ್ನ ಮೇಲೆ ನಾನೇ ಲೈನ್ ಕ್ಲಿಯರ್ ತೆಗೆದುಕೊಳ್ಳುತ್ತೇನೆ.
ಫೋನು ಅಕ್ಕಿ ಡಬ್ಬದೊಳಗೆ.
ಯಾರೂ ಚಾರ್ಜ್ ಮಾಡಬಾರದು.

ಮೊನ್ನೆ ಜೋಯಪ್ಪ ಬಂದ.
ಮೂರ್ನಾಡಿನಲ್ಲಿ ಈಗ ಅವನ ಮೊಬೈಲ್ ರೀಚಾರ್ಜಿನ ಅಂಗಡಿ.
ಒಂಬತ್ತು ಹಾಳೆಗಳನ್ನೂ ಮೂರು ಬೆರಳಲ್ಲಿ ಹಿಡಿದು
ನಿಧಾನಕ್ಕೆ ನೋಡಿದ. ತಿರುಗಿಸಿ ನೋಡಿದ.
'ಎಲ್ಲ ಸರಿ. ಕಂಬ ಎಲ್ಲಿ?'

ನಾನೂ ನೋಡಿದೆ. ಹೌದು.
ಇಡೀ ನಾಡಿಗೆ ಕಂಬ ನೆಟ್ಟವನ ಚಿತ್ರದಲ್ಲಿ
ಒಂದು ಕಂಬ ಇಲ್ಲ. ಒಂದು ಎಳೆ ತಂತಿ ಇಲ್ಲ.
ಬೇಕೆಂದು ಬಿಟ್ಟದ್ದಲ್ಲ. ಏನು ಹೇಳಲಿ ಅವನಿಗೆ?

ಅವನು ಕೇಳಲೂ ಇಲ್ಲ.
ಎಡಗೈಗೆ ಕುಂಚ ತೆಗೆದುಕೊಂಡು,
ಗದ್ದೆಗಿಂತ ಮೇಲೆ, ಬೆಟ್ಟಕ್ಕಿಂತ ಕೆಳಗೆ,
ತಂತಿ ಇರಬೇಕಾಗಿದ್ದ ಖಾಲಿ ಗಾಳಿಯಲ್ಲಿ
ಸಾಲಾಗಿ ಏಳು ಗಿಣಿ ಕೂರಿಸಿದ.
ಕೊನೆಯದಕ್ಕೆ ಬಾಲ ಸ್ವಲ್ಪ ಉದ್ದವಾಯಿತು.

'ಒಣಗಲಿ' ಅಂದ.
ಕಾಫಿ ತಣ್ಣಗಾಗಿತ್ತು. ಇಬ್ಬರೂ ಅದನ್ನೇ ಕುಡಿದೆವು.