ಹತ್ತಕ್ಕೆ ಏಳು

ಆಗಸ್ಟಿನ ಮನಾಮ. ಆಫೀಸಿನ ತಂಪಿನಿಂದ ಹೊರಗೆ ಕಾಲಿಟ್ಟರೆ
ಮೊದಲು ಕುರುಡಾಗುವುದು ಕನ್ನಡಕ.
ಒರೆಸಿ ಹಾಕಿಕೊಳ್ಳುವಷ್ಟರಲ್ಲಿ
ಯಾರೋ ಸಲಾಂ ಅಂದು ದಾಟಿ ಹೋಗಿರುತ್ತಾರೆ.

ನನ್ನದು ಮಾತಿನ ಕೆಲಸ.
ದೇಶದ ಸಿರಿಯನ್ನು ದುಡ್ಡಿನಿಂದಲ್ಲ, ಜನರ ಕ್ಷೇಮದಿಂದ ಅಳೆಯಿರಿ
ಎನ್ನುವ ಪುಟ್ಟ ಸಂಸ್ಥೆಯೊಂದಕ್ಕೆ
ಕರಪತ್ರ, ಫೋಟೋದಡಿ ಎರಡು ಸಾಲು,
ದೊಡ್ಡವರ ಕಚೇರಿಗೆ ಹೋಗುವ ಕಾಗದಗಳಲ್ಲಿ
'ಆದರೆ' ಇದ್ದಲ್ಲೆಲ್ಲ 'ಜೊತೆಗೆ' ಎಂದು ತಿದ್ದುವುದು.

ಕನ್ನಡದ ಕರಪತ್ರಕ್ಕೆ ಒಂದು ವಾರ ಒದ್ದಾಡಿದೆ.
ಕಲ್ಯಾಣ ಅಂದರೆ ಮದುವೆ ಹಾಲ್ ಕಾಣುತ್ತದೆ,
ಸೌಖ್ಯ ಅಂದರೆ ಕಷಾಯದ ಬಾಟಲಿ.
ಕೊನೆಗೆ ನೆನಪಾದದ್ದು
ದಮ್ಮಾಮಿನಿಂದ ಗಂಗೊಳ್ಳಿಗೆ ಅಪ್ಪ ಬರೆಯುತ್ತಿದ್ದ ಮೊದಲ ಸಾಲು:
ನಾನಿಲ್ಲಿ ಕ್ಷೇಮ.
ಹನ್ನೊಂದು ವರ್ಷ ಅದೇ ಸಾಲು.
ಏಣಿಯಿಂದ ಬಿದ್ದು ಬೆನ್ನು ಮುರಿದ ವರ್ಷವೂ.

ಸಿತ್ರಾದ ಕ್ಯಾಂಪಿನಲ್ಲಿ ಶುಕ್ರವಾರ ಸಮೀಕ್ಷೆ.
ಹನ್ನೆರಡು ಮಂಚ, ಒಂದು ಕಿಟಕಿ.
ಕಿಟಕಿಯಲ್ಲಿ ಎಸಿ ಕೂತಿದೆ, ಹಾಗಾಗಿ ಕಿಟಕಿಯೂ ಇಲ್ಲ.
'ನಿಮ್ಮ ಬದುಕಿನ ನೆಮ್ಮದಿಗೆ ಹತ್ತಕ್ಕೆ ಎಷ್ಟು ಅಂಕ?'
ಕರೀಂನಗರದ ಯಾದಗಿರಿ
ಉಗುರಿನ ಸಿಮೆಂಟು ಕೆರೆಯುತ್ತ ಕೇಳಿದ:
'ಹತ್ತರಲ್ಲಿ ಕಂಪನಿ ಎಷ್ಟು ಹಿಡಿದುಕೊಳ್ಳುತ್ತೆ?'
ಎಲ್ಲರೂ ನಕ್ಕರು. ನಾನೂ.
ಆಮೇಲೆ ಮೆಲ್ಲಗೆ, 'ಏಳು ಬರ್ಕೊಳ್ಳಿ.'
ಕ್ಷೌರದ ಮೋತಿಯುರ್, ಏಳು.
ಮೇಲಿನ ಮಂಚದಿಂದ ಕಾಲು ಇಳಿಬಿಟ್ಟ ನೇಪಾಳದ ಹುಡುಗ, ಏಳು.
ರಾತ್ರಿ ಪಾಳಿ ಮುಗಿಸಿ ಮುಸುಕೆಳೆದವನ ಪರವಾಗಿ
ಪಕ್ಕದವನೇ ಹೇಳಿದ: ಅವನದೂ ಏಳೇ.

ಭಾನುವಾರ ಹೆಸ್ಸಾ ಮೇಡಂ ಪಟ್ಟಿ ನೋಡಿ ಅರಳಿದರು.
'ಏಳು! ಒಳ್ಳೆಯ ಅಂಕಿ. ಅದನ್ನೇ ತಲೆಬರಹ ಮಾಡು.'
ಕೆಟ್ಟವರಲ್ಲ ಅವರು.
ಮುತ್ತಿಗೆಂದು ಮುಳುಗುತ್ತಿದ್ದ ಅಜ್ಜ
ಹಡಗಿನ ಸಾಲ ತೀರದೆಯೇ ತೀರಿಹೋದ ಎಂದು
ಒಮ್ಮೆ ಚಹಾ ಕುಡಿಯುತ್ತ, ಯಾರದೋ ಕತೆಯಂತೆ, ಹೇಳಿದ್ದರು.

ಯಾದಗಿರಿಗೆ ಫೋನು ಮಾಡಿದೆ. ಏಳೇ ಯಾಕೆ?
ಹಿಂದೆ ಕಾಂಕ್ರೀಟು ತಿರುಗುವ ಸದ್ದು.
'ಆರು ಅಂದರೆ ದೂರು ಕೊಟ್ಟ ಹಾಗೆ ಮೇಡಂ.
ಎಂಟು ಅಂದರೆ ಸಂಬಳ ಏರಿಸೋದಿಲ್ಲ.
ಏಳಂದವನನ್ನು ಯಾರೂ ತಿರುಗಿ ನೋಡಲ್ಲ.'

ಜೂನಿನಲ್ಲಿ ಇದೇ ಪ್ರಶ್ನೆಯನ್ನು
ಸಂಸ್ಥೆ ನಮಗೂ ಹಂಚಿತ್ತು.
ನನ್ನ ವೀಸಾ ಆ ತಿಂಗಳು ನವೀಕರಣಕ್ಕೆ ಹೋಗಿತ್ತು.

ಫೋಟೋಗ್ರಾಫರ್ ನಗಿಸಿ ತೆಗೆದ ಚಿತ್ರದ ಕೆಳಗೆ
ಅವನ ಮೂರು ಸಾಲುಗಳನ್ನು, ಅವನ ಹೆಸರಿಲ್ಲದೆ, ಇಟ್ಟು
ಮೇಡಂಗೆ ಕಳಿಸಿ ರಾತ್ರಿಯಿಡೀ ಮಗ್ಗುಲು ಬದಲಿಸಿದೆ.
ಬೆಳಿಗ್ಗೆ ವಾಪಸು ಬಂತು. ಒಂದೇ ತಿದ್ದುಪಡಿ.
'ಸರಾಸರಿ ಏಳು, ಜೊತೆಗೆ' ಎಂದು ನಾನು ಬರೆದಿದ್ದೆ.
'ಜೊತೆಗೆ' ಹೊಡೆದುಹಾಕಿದ್ದರು.

ಅಚ್ಚಾದದ್ದನ್ನು ಕ್ಯಾಂಪಿಗೆ ಒಯ್ದ ಶುಕ್ರವಾರ
ನೆಲದ ಮೇಲೆ ಊಟ ಸಾಗಿತ್ತು.
ಹಾಸಿದ ಪ್ಲಾಸ್ಟಿಕ್ಕು ಸಾಲದೆ
ನಮ್ಮ ಕರಪತ್ರಗಳೂ ತಟ್ಟೆಗಳಡಿ ಹರಡಿದವು.
ನುಣುಪು ಕಾಗದ, ಎಣ್ಣೆ ಇಳಿಯುವುದಿಲ್ಲ,
ಚೆನ್ನಾಗಿದೆ ಅಂದರು.
ಸಿಂಧನೂರಿನ ಹುಸೇನಪ್ಪ ಒಬ್ಬನೇ
ಮೀನಿನ ಮುಳ್ಳು ಪಕ್ಕಕ್ಕೆ ಸರಿಸಿ,
ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ
ಕೊನೆಯ ತನಕ ಓದಿದ.
ಮುಳ್ಳನ್ನು ಮತ್ತೆ ಅಲ್ಲೇ ಇಟ್ಟ.

'ಚಲೋ ಬರದೀರಿ,' ಅಂದ.
'ಬರದಾಕಿದು ಎಷ್ಟು?'