ಬೀಟೆಯಲ್ಲಿ ಬಿಳಿ

ಹಸಿ ಮರಕ್ಕೆ ಇನ್ಲೇ ಕೂರಿಸಬೇಡ, ಅನ್ನುತ್ತಿದ್ದರು ಉಸ್ತಾದ್,
ಇವತ್ತು ಕೂತ ಆನೆ ನಾಳೆ ಎದ್ದು ಹೊರಡುತ್ತೆ.
ಡಾಕ್ಟರು ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ:
"ಅಜ್ಮತ್ ಸಾಬ್ರೆ, ಒಳಗೆ ಇನ್ನೂ ಹಸಿ ಇದೆ.
ಒಣಗಲಿ. ಆಮೇಲೆ ಕೂರಿಸೋಣ."

ಮಂಡಿ ಮೊಹಲ್ಲಾದವನಿಗೆ ಮಂಡಿಯೇ ಕೈಕೊಟ್ಟಿತು,
ಗಲ್ಲಿಯಲ್ಲಿ ಇದು ಹಳೇ ನಗು. ನಾನೂ ನಕ್ಕಿದ್ದೇನೆ
ಗೋಡೆ ಹಿಡಿದು ಏಳುತ್ತ.

ನಲವತ್ತೊಂದಕ್ಕೆ ಊದಿತ್ತು ಮೊದಲು.
ವಾಯು ಅಂದರು. ಉಳುಕು ಅಂದರು.
ಈರನಗೆರೆಯ ಎಣ್ಣೆಯವನು ನೀವಿ ನೀವಿ
ಒಂದು ಶುಕ್ರವಾರ ತಾನೇ ಹೆದರಿ ದುಡ್ಡು ವಾಪಸ್ ಕೊಟ್ಟ.
ಒಂಬತ್ತು ವರ್ಷ, ಕೀಲಿನಲ್ಲಿ ಹೆಸರು ಹೇಳದ ಬಾಡಿಗೆದಾರ.
ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಸೂಜಿಯಿಂದ ನೀರು ಎಳೆದು
ಆರು ವಾರ ಗಾಜಿನೊಳಗೆ ಅದನ್ನು ಸಾಕಿ
ಹೆಸರು ಹೇಳಿದರು: ಟಿ.ಬಿ.
ಕೆಮ್ಮೇ ಇಲ್ಲವಲ್ಲ, ಅಂದೆ.
ಕೀಲಿಗೆ ಕೆಮ್ಮೋಕೆ ಬರಲ್ಲ, ಅಂದಳು ಚಿಕ್ಕ ಡಾಕ್ಟರಮ್ಮ.

ಹದಿನೆಂಟು ತಿಂಗಳು ಮಾತ್ರೆ.
ಮೊದಲ ದಿನ ಉಚ್ಚೆ ಕೆಂಪಗೆ ಹೋದಾಗ ನಸೀಮಾಳನ್ನು ಕೂಗಿದೆ.
ಇಣುಕಿ ನೋಡಿ, "ಬೀಟೆ ನೆನೆಸಿದ ನೀರು" ಅಂದಳು,
ಇಪ್ಪತ್ತೇಳು ವರ್ಷ ನನ್ನ ಅಂಗಿಯಿಂದ ಆ ಬಣ್ಣ ಒಗೆದವಳು.

ಹುಳ ಸತ್ತಿತು ಅಂದರು. ಆದರೆ ಗೆದ್ದಲು ಹೋದ ಮಾತ್ರಕ್ಕೆ
ಬಾಗಿಲು ವಾಪಸ್ ಬರುತ್ತದೆಯೇ?
ಎಲುಬಿಗೆ ಎಲುಬು ತಿಕ್ಕಿ
ನಡೆದರೆ ಉಪ್ಪುಕಾಗದದ ಸದ್ದು.
ಮತ್ತೆ ಕಾಯಿಸಿದರು, ತಿಂಗಳಿಗೊಮ್ಮೆ ರಕ್ತ ತೆಗೆದು,
ಒಣಗಿದೆಯೋ ಇಲ್ಲವೋ ಹಲಗೆ ತಟ್ಟಿ ನೋಡುವ ಹಾಗೆ.

ಸೊಂಟದ ಕೆಳಗಷ್ಟೇ ಮರಗಟ್ಟಿಸಿದರು.
ಮರಗಟ್ಟುವುದೆಂದರೇನು ಅಂತ ಮರದವನಿಗೆ ಅವತ್ತು ತಿಳಿಯಿತು.
ಹಸಿರು ಪರದೆಯ ಈಚೆ ನನ್ನ ಮುಖ, ಆಚೆ ನನ್ನ ಕಾಲು.
ಗರಗಸ ಶುರುವಾಯಿತು.
ಹಲ್ಲು ಸಣ್ಣದು, ಮೋಟಾರಿನದು, ಕೈ ಅವಸರದ್ದಲ್ಲ.
ಸದ್ದಿನಲ್ಲೇ ಗೊತ್ತಾಗುತ್ತೆ.
ಆಮೇಲೆ ಸುತ್ತಿಗೆ. ಆಮೇಲೆ ಅಂಟಿನ ವಾಸನೆ,
ಪಾಲಿಶ್ ಅಂಗಡಿಯದೇ ಘಾಟು.
"ಯಾರೂ ಅಲ್ಲಾಡಬೇಡಿ, ಗಟ್ಟಿಯಾಗಲಿ" ಅಂದರು.
ನಾನೂ ಉಸಿರು ಹಿಡಿದೆ, ಅಭ್ಯಾಸ.
ನಾರು ನೋಡಿಕೊಂಡು ಕೊಯ್ಯಿ ಮಗಾ, ಎಂಬ ಮಾತು
ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ.

ಉಸ್ತಾದರ ಕಾಲದಲ್ಲಿ ದಂತ ಕೂರಿಸುತ್ತಿದ್ದರು.
ದಂತ ನಿಂತಿತು, ಪ್ಲಾಸ್ಟಿಕ್ ಬಂತು.
ಆನೆಗೇ ಪ್ಲಾಸ್ಟಿಕ್ ದಂತವಿಟ್ಟು ಎಷ್ಟು ಗೊಣಗಿದ್ದೆ!
ಈಗ ನನ್ನೊಳಗೂ ಅದೇ: ಎರಡು ಲೋಹ, ನಡುವೆ
ಒಂಬತ್ತು ಮಿಲಿಮೀಟರ್ ಬಿಳಿ ಪ್ಲಾಸ್ಟಿಕ್.
ಅದರ ಮೇಲೆ ನಿಂತೇ ಹೇಳುತ್ತಿದ್ದೇನೆ, ಕೆಟ್ಟದ್ದಲ್ಲ.

ಚಕ್ಕಳಮಕ್ಕಳ ಹೋಯಿತು. ನಮಾಜು ಕುರ್ಚಿಯಲ್ಲಿ,
ಹಣೆ ನೆಲದವರೆಗೆ ಹೋಗದೆ ಗಾಳಿಯಲ್ಲೇ ನಿಲ್ಲುತ್ತದೆ.
ಮಗಳು ಶಾಹಿದಾ ಹಳೇ ಹೊಲಿಗೆ ಮೆಷಿನ್ನಿನ ಕಾಲು ತಂದು
ನನ್ನ ಹಲಗೆಯನ್ನು ಎತ್ತರಿಸಿಕೊಟ್ಟಳು.
ಐವತ್ಮೂರಕ್ಕೆ ಮೊದಲ ಸಲ ಬೆನ್ನು ನೆಟ್ಟಗಿಟ್ಟು ಹಂಸ ಕೊಯ್ಯುತ್ತೇನೆ.
ಕತ್ತು ಮಾತ್ರ ಹಳೇ ಜಾಗ ಹುಡುಕಿಕೊಂಡು ಬಾಗುತ್ತದೆ.

ಎಕ್ಸ್‌ರೇ ಕೊಟ್ಟರು. ಕಿಟಕಿಗೆ ಹಿಡಿದೆ.
ಕಪ್ಪು ಬೀಟೆಯಲ್ಲಿ ಬಿಳಿ. ನಮ್ಮ ಗಲ್ಲಿಯದೇ ಕೆಲಸ.
ಪ್ಲಾಸ್ಟಿಕ್ ಇದ್ದಲ್ಲಿ ಬರೀ ಖಾಲಿ, ಅದು ಕಾಣುವುದಿಲ್ಲವಂತೆ.
ಬಲ ಅಂಚಿಗೆ ಕೂದಲೆಳೆಯಷ್ಟು ಸಂದು.
"ಇಲ್ಲಿ ಬಿಟ್ಟಿದ್ದೀರಿ" ಅಂದೆ.
ಡಾಕ್ಟರು ಕನ್ನಡಕ ಏರಿಸಿ, "ಪರವಾಗಿಲ್ಲ ಸಾಬ್ರೆ ಅದು" ಅಂದರು.
ಆಮೇಲೆ ಇನ್ನೊಮ್ಮೆ ನೋಡಿದರು.
ನಾನಾಗಿದ್ದರೆ ಬೀಟೆ ಹೊಟ್ಟಿಗೆ ಗೋಂದು ಕಲಸಿ
ಹೆಬ್ಬೆರಳಲ್ಲಿ ಒತ್ತುತ್ತಿದ್ದೆ.

ಹುಳ ಎಲ್ಲೋ ಮಲಗಿರಲೂಬಹುದು, ಬಿಸಿಯಾದರೆ ಬನ್ನಿ, ಅಂದಿದ್ದಾರೆ.
ರಾತ್ರಿ ದೀಪ ಆರಿದ ಮೇಲೆ
ಬೆರಳ ಹಿಂಬದಿಯನ್ನು ಮಂಡಿಯ ಮೇಲಿಡುತ್ತೇನೆ,
ಪಾಲಿಶ್ ಒಣಗಿತೋ ಎಂದು ಮುಟ್ಟುವ ಹಾಗೆ.
ತಣ್ಣಗಿದೆ.
ಇನ್ನೂ ಒಂದು ಗಳಿಗೆ ಕೈ ಅಲ್ಲೇ ಇಟ್ಟಿರುತ್ತೇನೆ.